ಬೋಣಿಗೆ ಸಿಕ್ಕ ಸ್ಟೌವು
ನಾಳೆ ಅಮಾವಾಸ್ಯೆ, ಬೆಟ್ಟದ ದೇವರಿಗೆ ನಡೆದು ಹೋಗುವವರೆಲ್ಲ ಹನೂರಿನ ನನ್ನ ಕಾಫಿ ಅಂಗಡಿಗೆ ಬರುವವರು. ಇವತ್ತು ನಸುಕಿನಲ್ಲೇ ಪಂಪ್ ಸ್ಟೌವು ಸೀಳಿಹೋಯಿತು. ಹೊಸದಕ್ಕೆ ದುಡ್ಡಿರಲಿಲ್ಲ, ಯಾರನ್ನೂ ಕೇಳುವವಳೂ ನಾನಲ್ಲ. ಒಡಕನ್ನು ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸಿಗೇ ಕೊಳ್ಳೇಗಾಲಕ್ಕೆ ಹೋದೆ. ಸ್ಟೌವಿನ ಅಂಗಡಿಯವರು ಆಗಷ್ಟೇ ಬಾಗಿಲು ತೆಗೆದಿದ್ದರು. ಒಡಕನ್ನು ತೋರಿಸಿ, ಇದಕ್ಕೆ ಬದಲು ಹಳೇದೊಂದು ಕೊಡಿ ಎಂದೆ.

“ಹಳೇದು ಇಲ್ಲ ಕಣವ್ವಾ, ಹೊಸದೇ ತಕೊ” ಎಂದರು.

“ಒಳಗೆ ಒಂದು ಉರೀತಾ ಅದಲ್ಲ, ಅದ ಕೊಡಿ.”

“ಅದ್ರಲ್ಲಿ ನಮ್ ಕಾಫಿ ಕಾಯ್ತಾ ಅದೆ!”

“ಬೋಣಿ ಗಿರಾಕೀನ ಬರಿಗೈಲಿ ಕಳಿಸ್ತೀರಾ ಸಾವ್ಕಾರ್ರೇ? ನಿಮ್ಮಿಷ್ಟ” ಎಂದು ಎದ್ದೆ.

ಅವರು ಗೊಣಗುತ್ತಲೇ ಪಾತ್ರೆ ಇಳಿಸಿದರು. ನನ್ನ ಒಡಕನ್ನೂ, ಬಸ್ಸಿನ ಕಾಸು ಬಿಟ್ಟು ನನ್ನಲ್ಲಿದ್ದಷ್ಟನ್ನೂ ತೆಗೆದುಕೊಂಡರು. ನನಗೆ ಹೋದ ಜೀವ ಬಂದಂತಾಯಿತು. ಸ್ಟೌವು ತಣ್ಣಗಾಗುವವರೆಗೆ ಕೂತಿದ್ದಕ್ಕೆ ಅರ್ಧ ಲೋಟ ಕಾಫಿಯನ್ನೂ ಕೊಟ್ಟರು. ಅದು ಸರಿಯಾಗಿ ಕಾದಿರಲಿಲ್ಲ. ಆದರೆ ಆ ಮಾತನ್ನು ನಾನು ಯಾವ ಬಾಯಲ್ಲಿ ಹೇಳಲಿ?