ಅಣ್ಣನ ಹೆಸರು ಕೂಗಿದ ಭಾನುವಾರ

ಒಂದು ಮಳೆಗಾಲ ನಮ್ಮೂರಲ್ಲಿದ್ದ ಆ ಜಪಾನಿನವ ಈಗ ತನ್ನ ದೇಶದ ದೊಡ್ಡ ಫುಟ್‌ಬಾಲ್ ತಂಡವೊಂದರ ಮ್ಯಾನೇಜರ್. ಯಾವ ಕ್ಲಬ್ಬಿನಲ್ಲಿ ಆಡಿದ, ಎಲ್ಲೆಲ್ಲಿ ಕೋಚ್ ಆಗಿದ್ದ ಎಂದು ಪೇಪರಿನವರು ಪಟ್ಟಿ ಹಾಕುತ್ತಾರೆ. ಕುಂದಾಪುರದ ಪಕ್ಕದ ನಮ್ಮೂರು ಕೋಡಿ ಅದರಲ್ಲಿಲ್ಲ. ಇಲ್ಲದಿದ್ದರೆ ಬೇಡ. ಅವನು ಮೊದಲ ಸಲ ಕೊರಳಿಗೆ ಸೀಟಿ ಹಾಕಿಕೊಂಡದ್ದು ನಮ್ಮ ಕಡಲದಡದ ಹೊಯಿಗೆಯ ಮೇಲೆ, ಹಾಕಿಸಿದ್ದು ನಾನು.

ಗೋವಾದ ಒಂದು ಸಣ್ಣ ಕ್ಲಬ್ಬಿನಲ್ಲಿ ನಾವಿಬ್ಬರೂ ಜೊತೆಗೆ ಆಡಿದವರು. ಅವನು ಮಿಡ್‌ಫೀಲ್ಡರ್, ನಾನು ಗೋಲ್‌ಕೀಪರ್. ಮೊಣಕಾಲು ಕೆಟ್ಟು ಅವನ ಆಟ ನಿಂತಾಗ, "ಇನ್ನು ಕಲಿಸುವುದನ್ನು ಕಲಿಯಬೇಕು" ಅಂದ. "ನಮ್ಮೂರಿಗೆ ಬಾ ಮಾರಾಯ, ಮೀನು ಹಿಡಿಯಲು ಬೋಟಿಗೆ ಹೋಗುವವರದ್ದೇ ಒಂದು ತಂಡ ಉಂಟು" ಅಂದೆ. ಬಂದೇಬಿಟ್ಟ! ಮಳೆಗಾಲದಲ್ಲಿ ಬೋಟುಗಳು ದಡದಲ್ಲಿರುವಷ್ಟು ದಿನ ನಮ್ಮ ಮನೆಯಲ್ಲೇ ಉಳಿದ. ಅತ್ತಿಗೆ ಮಾಡಿದ ಮೀನುಸಾರಿಗೆ ಕಣ್ಣುಮೂಗಲ್ಲಿ ನೀರು ಸುರಿಸಿಕೊಂಡು ಇನ್ನೊಂದು ಸೌಟು ಕೇಳುತ್ತಿದ್ದ.

ಮೂರನೆಯ ದಿನವೇ ಅವನಿಗೂ ನನ್ನ ಬಾಯಿಗೂ ಜಗಳ. ಚೆಂಡು ಬಂದಾಗಲೆಲ್ಲ ನಾನು "ಹ್ವಾಯ್!" ಎಂದು ಕೂಗುವವ. ನಮ್ಮಲ್ಲಿ ಹಿರಿಯರನ್ನು ಕರೆಯುವುದೇ ಹಾಗೆ, ಹೆಸರು ಹಿಡಿದು ಕರೆಯುವುದುಂಟೇ? ನನ್ನೆದುರು ನಿಲ್ಲುವ ಡಿಫೆಂಡರುಗಳು ಮೂವರೂ ನನಗಿಂತ ದೊಡ್ಡವರು. ಅವರಲ್ಲಿ ಒಬ್ಬ ನನ್ನ ಒಡಹುಟ್ಟಿದ ಅಣ್ಣ, ಇಡೀ ತಂಡಕ್ಕೇ ಹಿರಿಯ. ಹ್ವಾಯ್ ಅಂದ ಕೂಡಲೇ ಮೂವರೂ ಮರ್ಯಾದೆಯಿಂದ ತಿರುಗಿ ನನ್ನ ಮುಖ ನೋಡುತ್ತಿದ್ದರು. ಅಷ್ಟರಲ್ಲಿ ಚೆಂಡು ಗೋಲಿನೊಳಗೆ.

"ಅಣ್ಣನ ಹೆಸರು ಕೂಗು" ಅಂದ ಜಪಾನಿನವ, ಗೋವಾದಲ್ಲಿ ಕಲಿತ ಮುರುಕು ಹಿಂದಿಯಲ್ಲಿ.

"ಅದೊಂದ್ ಆತಿಲ್ಲ ಮಾರಾಯ" ಎಂದು ನಮ್ಮ ಭಾಷೆಯೇ ಬಾಯಿಗೆ ಬಂತು. ಮತ್ತೆ ಹಿಂದಿಯಲ್ಲಿ, "ಬೇಕಾದರೆ ಅಣ್ಣ ಅಂತ ಕೂಗುತ್ತೇನೆ" ಅಂದೆ.

"ಮೂವರೂ ನಿನಗೆ ಅಣ್ಣಂದಿರೇ. ಮೂವರೂ ತಿರುಗುತ್ತಾರೆ. ಕೋಚ್ ಹೇಳಿದರು ಅಂತ ನಾನೂ ನಮ್ಮೂರಲ್ಲಿ ಹಿರಿಯ ಆಟಗಾರನನ್ನು ಬರೀ ಹೆಸರಲ್ಲಿ ಕರೆದಿದ್ದೇನೆ. ಅವತ್ತು ಊಟ ಸೇರಲಿಲ್ಲ. ಭಾನುವಾರ ಹೆಸರು ಕೂಗು. ಇಲ್ಲದಿದ್ದರೆ ಹೊರಗೆ ಕೂತುಕೋ."

ನನಗೆ ಪಿತ್ತ ನೆತ್ತಿಗೇರಿತು. ತಂಡ ಕಟ್ಟಿದವ ನಾನು, ಇವನನ್ನು ಕರೆಸಿದವ ನಾನು, ಈಗ ನನ್ನ ಜಾಗಕ್ಕೇ ಕೈ ಹಾಕುತ್ತಾನೆ! ಆದರೆ ಅವನು ಹೇಳಿದ್ದು ಸರಿ ಎಂದೂ ಗೊತ್ತಿತ್ತು. ಸಿಟ್ಟು ಜಾಸ್ತಿಯಾದದ್ದೇ ಅದಕ್ಕೆ.

ಭಾನುವಾರ ಬೈಂದೂರಿನಲ್ಲಿ ಪಂದ್ಯ. ಹೆಸರು ಕೂಗುವ ವಿಷಯ ಅಣ್ಣನಿಗೆ ನಾನು ಹೇಳಿರಲಿಲ್ಲ. ಒಂದು ಗೋಲಿನಿಂದ ಮುಂದಿದ್ದೆವು, ನಾನು ಮಾತ್ರ ಬಾಯಿ ಮುಚ್ಚಿಕೊಂಡೇ ಆಡಿದೆ. ಕೊನೆಕೊನೆಗೆ ನೋಡಿದರೆ, ಗೆರೆಯಾಚೆ ಜಪಾನಿನವ ಇನ್ನೊಬ್ಬ ಗೋಲ್‌ಕೀಪರಿಗೆ ಗ್ಲೌಸ್ ಹಾಕಿಸುತ್ತಿದ್ದಾನೆ. ಅಷ್ಟರಲ್ಲಿ ಬಲಗಡೆಯಿಂದ ಚೆಂಡು ಎತ್ತರಕ್ಕೆ ಹಾರಿ ಬಂತು. ಗಟ್ಟಿಯಾಗಿ ಅಣ್ಣನ ಹೆಸರು ಕೂಗಿದೆ. ಬರೀ ಹೆಸರು, ನಾನು ಹುಟ್ಟಿದ ಮೇಲೆ ಮೊದಲ ಸಲ. ಉಳಿದಿಬ್ಬರು ಅಲುಗಲಿಲ್ಲ. ಅಣ್ಣನೊಬ್ಬನೇ ಹಾರಿ ತಲೆ ಕೊಟ್ಟ, ಚೆಂಡು ಹೊರಗೆ ಹೋಯಿತು. ಇನ್ನೊಬ್ಬ ಗ್ಲೌಸ್ ಬಿಚ್ಚಿದ್ದು ಕಂಡಿತು. ಗೆದ್ದೆವು.

ಬಸ್ಸಿನಲ್ಲಿ ಅಣ್ಣ ನನ್ನ ಪಕ್ಕದ ಸೀಟು ಬಿಟ್ಟು ಹಿಂದೆ ಹೋಗಿ ಕೂತ. ಸತ್ತೆ ಅಂದುಕೊಂಡೆ. ಕುಂದಾಪುರದಲ್ಲಿ ಇಳಿದ ಮೇಲೆ ಪಕ್ಕಕ್ಕೆ ಬಂದು ನಿಂತ.

"ಅಪ್ಪ ಅಮ್ಮ ಹೋದ್ ಮೇಲೆ ಆ ಹೆಸ್ರಲ್ ನನ್ನ ಯಾರೂ ಕರ್ದದ್ದಿಲ್ಲ" ಅಂದ. "ಇನ್ನೊಂದ್ ಸಲ ಕರಿ ಕಾಂಬ."

ನನಗೆ ಅಳು ಬಂತು. ಬಾಯಿ ತೆರೆದೆ, ಹೆಸರಿನ ಬದಲು "ಅಣ್ಣ" ಎಂದೇ ಬಂತು.