ಊದುಬತ್ತಿ ತೋರಿದ ದಾರಿ

1951ರಲ್ಲಿ ನಾನು ಶಾಲೆ ಬಿಟ್ಟೆ. ಕೂಲಿ ಮಾಡಿ ಮಾಡಿ, ಕೊನೆಗೆ ಹಳೆಯದೊಂದು ಪಿಕಪ್ ಕೊಂಡೆ. ಇಟ್ಟಿಗೆ ಹೇರಿದರೆ ಅದು ಚಾಮುಂಡಿ ಬೆಟ್ಟದ ಅರ್ಧದಲ್ಲೇ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಇನ್ನೊಮ್ಮೆ ನಿಂತರೆ ಬಾಡಿಗೆ ಬೇರೆಯವರಿಗೆ ಎಂದು ಬೆಟ್ಟದ ಮೇಲೆ ಕಟ್ಟಡ ಕಟ್ಟಿಸುತ್ತಿದ್ದ ಕಂಟ್ರಾಕ್ಟರು ಹೇಳಿಬಿಟ್ಟಿದ್ದರು.

ನಜರ್‌ಬಾದಿನಲ್ಲಿ ಗಾಡಿ ರಿಪೇರಿ ಮಾಡುವ ಮೇಸ್ತ್ರಿಯ ಹತ್ತಿರ ಹೋದೆ. ಅವರು ಬಾನೆಟ್ಟು ಎತ್ತಿ, ಇಂಜಿನ್ ಚಾಲೂ ಮಾಡಿಸಿ, ಊದುಬತ್ತಿ ಹಚ್ಚಿದರು. ನಾನು ಚಪ್ಪಲಿ ಬಿಟ್ಟು ಕೈಮುಗಿದೆ.

“ಪೂಜೆ ಅಲ್ಲ ಕಣೋ, ಚಪ್ಪಲಿ ಮೆಟ್ಕೋ! ಹೊಗೆ ಎತ್ಲಾಗೆ ಓಯ್ತದೆ ನೋಡು.”

ನೀಲಿ ಎಳೆಯೊಂದು ತೇಲಾಡುತ್ತ, ರೇಡಿಯೇಟರಿನ ಬಿಸಿಗಾಳಿಯ ಜೊತೆಗೇ ಇಂಜಿನ್ನಿನ ಗಾಳಿಕೊಳವೆಯೊಳಗೆ ಸೇರಿತು. ಮಗು ನಿದ್ದೆಹೋಗುವುದನ್ನು ನೋಡುವವರಂತೆ ಮೇಸ್ತ್ರಿ ನೋಡುತ್ತಲೇ ಇದ್ದರು.

“ಬಿಸಿಗಾಳಿ ಕುಡೀತಾ ಅದೆ, ಪಾಪ. ಮೊದ್ಲು ಉಸ್ರು ಕಣೋ, ಆಮೇಲೆ ಓಟ.”

ಯಾವ ಗಾಡಿ ಬಂದರೂ ಅವರದು ಇದೇ ಮಾತು.

“ಹೊಸ ಸಾಮಾನಿಗೆ ದುಡ್ಡಿಲ್ಲ, ಮೇಸ್ತ್ರಿ.”

“ಕೇಳ್ದವ್ನು ಯಾರ್ಲಾ?”

ಹಳೇ ತಗಡು ಬಗ್ಗಿಸಿ, ಕೊಳವೆಯ ಬಾಯನ್ನು ಮುಂದಿನ ತಂಪುಗಾಳಿಗೆ ತಿರುಗಿಸಿದರು. ಧೂಳು ತಡೆಯಲು ಎಣ್ಣೆಯಲ್ಲಿ ಅದ್ದಿದ ತೆಂಗಿನ ನಾರನ್ನು ಜಾಲರಿಯೊಳಗೆ ಇಟ್ಟರು.

ಮರುದಿನ ಇಟ್ಟಿಗೆ ಹೇರಿಕೊಂಡು ಮಂಜಿನಲ್ಲಿ ಬೆಟ್ಟ ಹತ್ತಿದೆವು. ಪಕ್ಕದಲ್ಲಿ ಕೂತ ಮೇಸ್ತ್ರಿ ಕೈ ಹೊರಗೆ ಚಾಚಿ ಗಾಳಿಯನ್ನು ಸವರುತ್ತಿದ್ದರು. ಪಿಕಪ್ ಎಲ್ಲೂ ನಿಲ್ಲಲಿಲ್ಲ. ಬಾಡಿಗೆ ನನಗೇ ಉಳಿಯಿತು.

ಆ ಬಾಡಿಗೆಯಿಂದಲೇ ಬೆಳೆದು, ಈಗ ನನಗೆ ಮೂರು ಲಾರಿ, ಒಂದು ಶೆಡ್ಡು, ಒಂದು ಹೆಂಚಿನ ಮನೆ ಇವೆ.