ಯಾರಿಗೆ ಹೇಳಿದ್ದೆ?

ಒಂದು ಸುದ್ದಿಯನ್ನು ನನಗೆ ಯಾರು ಹೇಳಿದರು ಎಂಬುದು ಚೆನ್ನಾಗಿ ನೆನಪಿರುತ್ತದೆ. ಅದನ್ನೇ ನಾನು ಯಾರಿಗೆ ಹೇಳಿದೆ ಎಂಬುದು ಮಾತ್ರ ನಿಲ್ಲುವುದಿಲ್ಲ. ಹೇಳುವಾಗ ನನ್ನ ಗಮನವೆಲ್ಲ ನನ್ನ ಮಾತಿನ ಮೇಲೇ ಇರುತ್ತದೋ ಏನೋ, ಎದುರಿಗಿದ್ದವರ ಮುಖ ಅಳಿಸಿಹೋಗುತ್ತದೆ. ಶಂಕರನಾರಾಯಣ ಎಂಬ ಊರಿನ ಕೆರೆಯಲ್ಲಿ ಜಾರಿ ಬಿದ್ದ ಕಥೆಯನ್ನು ನಾನು ಶುರುಮಾಡಿದರೆ ಸಹೋದ್ಯೋಗಿಗಳು ನನಗಿಂತ ಮೊದಲೇ ದಡ ಸೇರಿರುತ್ತಾರೆ.

ಹೆಂಡತಿ ಸುಮಾ ಮತ್ತೆ ಬಸುರಿಯಾದಾಗ ಈ ಮರೆವಿಗೆ ನಾನೇ ಹೆದರಿದೆ. ಹಿಂದಿನ ಸಲ ಊರಿಗೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಮಗು ಉಳಿದಿರಲಿಲ್ಲ. 'ಈಗ ಎಷ್ಟು ತಿಂಗಳು?' ಎಂದು ದಾರಿಯಲ್ಲಿ ಕೇಳಿದವರಿಗೆಲ್ಲ ಉತ್ತರ ಕೊಟ್ಟು ಕೊಟ್ಟು ಸುಮಾ ಕುಂದಾಪುರದ ಪೇಟೆಗೆ ಬರುವುದನ್ನೇ ಬಿಟ್ಟಿದ್ದಳು. ಹಾಗಾಗಿ ಈ ಸಲ ಐದು ತುಂಬುವವರೆಗೆ ಯಾರಿಗೂ ಹೇಳಬಾರದೆಂದು ಇಬ್ಬರೂ ಮಾತಾಡಿಕೊಂಡೆವು.

ನಾನು ಬಾಯಿ ಬಿಡಲಿಲ್ಲ ಎಂದೇ ನಂಬಿದ್ದೆ. ಐದು ತುಂಬಿದ ಮೇಲೆ ಇಬ್ಬರೂ ಮೊದಲು ಹೋದದ್ದು ನಾವುಂದಕ್ಕೆ, ನನ್ನ ಚಿಕ್ಕಮ್ಮನ ಹತ್ತಿರ. ತಾಯಿಯಿಲ್ಲದ ನನ್ನನ್ನು ಮೀನು ಮಾರಿ ಸಾಕಿದವರು ಅವರು. ಸುದ್ದಿ ಕೇಳಿದ್ದೇ ಕೈಯಲ್ಲಿದ್ದ ಮೀನನ್ನು ಬುಟ್ಟಿಗೆ ಹಾಕಿ, ಕೈ ತೊಳೆದು ಬಂದು, ಸುಮಾಳ ಗಲ್ಲ ಹಿಡಿದು ಕಣ್ತುಂಬಿಕೊಂಡರು. ಅಷ್ಟು ಚೆನ್ನಾಗಿ ಸುದ್ದಿ ಕೇಳುವವರನ್ನು ನಾನು ಕಂಡಿಲ್ಲ.

ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಸುಮಾ ಮೆಲ್ಲಗೆ ನಿಜ ಹೇಳಿದಳು. ಮೊದಲ ವಾರದಲ್ಲೇ ಹೆದರಿಕೆ ತಡೆಯಲಾರದೆ ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿಬಿಟ್ಟಿದ್ದಳಂತೆ. ಬೆಳಿಗ್ಗೆಯಿಂದ ನಮ್ಮ ಮನೆಯಲ್ಲೇ ಇದ್ದ ಚಿಕ್ಕಮ್ಮನನ್ನು ನಾನು ನಗುತ್ತಾ ಹೋಗಿ ವಿಚಾರಿಸಿದೆ. ಹೌದೆಂದ ಅವರು, ಸುಮಾಳಂತೆ ನಾನೂ ಅವರಿಗೆ ಮೊದಲೇ ಹೇಳಿದ್ದೆನೆಂದರು. ಬೈಂದೂರಿನಿಂದ ಬರುವಾಗ ಅವರ ಮನೆ ಮುಂದೆ ಬೈಕು ನಿಲ್ಲಿಸಿ, ಅದೂ ಎರಡೆರಡು ಸಲ, ಸುಮಾಳಿಗೆ ಗೊತ್ತಾಗಬಾರದೆಂದು ಆಣೆ ಹಾಕಿಸಿಕೊಂಡು! ನನಗೆ ಒಂದೂ ನೆನಪಿಲ್ಲ. ಮೊದಲೇ ಗೊತ್ತೆಂದು ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ.

"ಎಂತಕ್ಕೆ ಹೇಳುದ್ ಮಗಾ? ಹೆದ್ರಿಕೆ ನಂಗೂ ಇದ್ದಿತ್ತ್. ನೀವ್ ಮತ್ತೆ ಮತ್ತೆ ಬಂದ್ ಅದ್ನೇ ಹೇಳ್ರೆ, ಮಗು ಇನ್ನೂ ಗಟ್ಟಿ ಇತ್ತ್ ಅಂದೇಳಿ ನಂಗೆ ಸಮಾಧಾನ."

ಸುಮಾ ಮಗುವನ್ನು ತೊಟ್ಟಿಲಿನಿಂದ ಎತ್ತಿ ತಂದು ಅವರ ಮಡಿಲಲ್ಲಿ ಮಲಗಿಸಿದಳು. ನನಗೆ ಏನಾದರೂ ಹೇಳಬೇಕೆನಿಸಿ, ಇವಳು ನಿನ್ನೆ ನಿದ್ದೆಯಲ್ಲಿ ನಕ್ಕಳು ಎಂದೆ. ಬೆಳಿಗ್ಗೆಯೇ ಅವರಿಗೆ ಅದನ್ನು ಹೇಳಿದ್ದೆನೋ ಏನೋ. ಚಿಕ್ಕಮ್ಮ ನನ್ನ ಕಡೆ ಸ್ವಲ್ಪ ಜರುಗಿ ಕುಳಿತು, ಹೇಗೆ ನಕ್ಕಳೆಂದು ಕೇಳಿದರು.